ದಿವಾರ್ ಧಕ್ಕೆಗೆ ಎರಡನೇ ಫೆರಿ ಯಾವಾಗ ಸಾಹೇಬರೇ?

ಫೆರಿ ಖಾತೆ ನೋಡಿಕೊಳ್ಳುವ ಮಾನ್ಯ ಸಾಹೇಬರಿಗೆ,

ನಮಸ್ಕಾರ. ಈ ಪತ್ರ ಕನ್ನಡದಲ್ಲಿದೆ. ನಿಮಗೆ ಓದೋಕೆ ಕಷ್ಟ ಅಂತ ಗೊತ್ತು. ಆದರೆ ಎಲೆಕ್ಷನ್ ಹೊತ್ತಿಗೆ ನಮ್ಮ ಜನರ ಕೈಗೆ ಕನ್ನಡದಲ್ಲೇ ಕರಪತ್ರ ಬರುತ್ತವೆ. ಅದನ್ನು ಬರೆದುಕೊಟ್ಟ ಪುಣ್ಯಾತ್ಮರು ಇದನ್ನೂ ಓದಿ ಹೇಳಲಿ.

ನಾನು ಗದಗ ಕಡೆಯವನು. ಗೋವಾದ ಮಾಂಡವಿ ನದಿಯ ನಡುವಿನ ದಿವಾರ್ ದ್ವೀಪದಲ್ಲಿ ಸಣ್ಣದೊಂದು ತರಕಾರಿ ಅಂಗಡಿ ಇದೆ. ಬೆಳಗಾವಿಯಿಂದ ಬಂದ ಮಾಲನ್ನು ಪಣಜಿ ಮಾರ್ಕೆಟ್‌ನಲ್ಲಿ ಎತ್ತಿ, ಟೆಂಪೋಗೆ ಹೇರಿಕೊಂಡು ಓಲ್ಡ್ ಗೋವಾ ಧಕ್ಕೆಗೆ ಬರುತ್ತೇನೆ. ಅಲ್ಲಿಂದ ಮುಂದೆ ನನ್ನ ವ್ಯಾಪಾರ ನಿಮ್ಮ ಫೆರಿಯ ಕೈಯಲ್ಲಿ. ಓಡಬೇಕಾದದ್ದು ಎರಡು. ಓಡುವುದು ಒಂದು. ಇನ್ನೊಂದು ರಿಪೇರಿಗೆ ಹೋಗಿದೆ ಅಂತಾರೆ. ಹೋದದ್ದು ಬರಲೇ ಇಲ್ಲ.

ದ್ವೀಪಕ್ಕೆ ರಸ್ತೆ ಸೇತುವೆ ಇಲ್ಲ ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ. ಓಲ್ಡ್ ಗೋವಾ, ರಾಯಬಂದರ್, ನಾರ್ವೆ, ಯಾವ ಕಡೆಯಿಂದ ಬಂದರೂ ಫೆರಿಯೇ ಗತಿ. ಕೊಂಕಣ ರೈಲು ನಮ್ಮ ದ್ವೀಪದ ಮೇಲೇ ಹಾದು ಹೋಗುತ್ತದೆ, ನಿಲ್ಲುವುದಿಲ್ಲ. ಗದ್ದೆಯಲ್ಲಿ ನಿಂತು ಕೈ ಬೀಸಬಹುದು, ಅಷ್ಟೇ.

ಈಗ ಆ ದಿನದ ಕಥೆ ಕೇಳಿ. ಮೇ ತಿಂಗಳು. ಒಂದೇ ಫೆರಿ, ಉದ್ದ ಸರತಿ. ನನ್ನ ಪಾಳಿ ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಮೆಂತ್ಯ, ಕೊತ್ತಂಬರಿ ಮೇಲೆ ಒದ್ದೆ ಗೋಣಿ ಹಾಕಿದ್ದೆ, ಅದೂ ಒಣಗಿತ್ತು. ಕೊನೆಗೆ ಹತ್ತಿಸಿದರು. ನನ್ನದೇ ಕೊನೆಯ ಗಾಡಿ. ಖಲಾಸಿ ಗಾಡಿ ಹತ್ತಿಸುವ ಕಬ್ಬಿಣದ ತಟ್ಟೆ ಎತ್ತಿದ, ಫೆರಿ ಧಕ್ಕೆ ಬಿಟ್ಟಿತು. ಅಷ್ಟರಲ್ಲಿ ದಡದಲ್ಲಿ ಬಿಳಿ ಕಾರೊಂದು ಬಂದು ಹಾರ್ನ್ ಹೊಡೆಯಿತು. ಯಾರಿಗೋ ಫೋನ್ ಬಂತು. ಫೆರಿ ಮತ್ತೆ ದಡಕ್ಕೆ ಬಂತು! ತಟ್ಟೆ ಇಳಿಯಿತು. ಜಾಗ ಇರಲಿಲ್ಲ. ಖಲಾಸಿ ನನ್ನ ಟೆಂಪೋ ನೋಡಿದ. "ಮಾಗೀರ್ ಯೋ" ಅಂದ. ಆಮೇಲೆ ಬಾ, ಅಂತ. ಟಿಕೆಟ್ ಕೈಯಲ್ಲೇ ಇತ್ತು.

ನದಿಯ ನೀರು ಇಳಿದಿದ್ದ ಹೊತ್ತು ಬೇರೆ. ತಟ್ಟೆ ಸರಿಯಾಗಿ ಕೂತಿರಲಿಲ್ಲ. ರಿವರ್ಸ್ ತೆಗೆಯುವಾಗ ಹಿಂದಿನ ಗಾಲಿ ಧಡ್ ಅಂತ ಇಳಿದು ಟೊಮೆಟೊ ಕ್ರೇಟು ಮಗುಚಿತು. ಇಳಿಜಾರಲ್ಲವೇ, ಒಂದೊಂದೇ ಉರುಳಿಕೊಂಡು ಮಾಂಡವಿಗೆ ಹೋದವು. ಕಾರು ಅದರ ಮೇಲೇ ಹಾದು ಹತ್ತಿತು. ಗಾಜು ಕೂಡ ಇಳಿಸಲಿಲ್ಲ. ತುರ್ತು ಕೆಲಸವೇನೋ ಅಂದುಕೊಂಡೆ. ದ್ವೀಪದಲ್ಲಿ ಯಾರದೋ ಮನೆಯಲ್ಲಿ ಊಟವಿತ್ತಂತೆ.

ಫೆರಿ ವಾಪಸ್ ಬಂದ ಮೇಲೆ ಸಿಬ್ಬಂದಿ ಊಟಕ್ಕೆ ಹೋದರು. ಅವರೂ ಮನುಷ್ಯರೇ, ಊಟ ಮಾಡಬೇಡಿ ಅಂತ ನಾನು ಹೇಳುವುದಿಲ್ಲ. ಎರಡನೇ ಫೆರಿ ಇದ್ದಿದ್ದರೆ ಅವರೂ ನೆಮ್ಮದಿಯಾಗಿ ಉಣ್ಣುತ್ತಿದ್ದರು. ಆ ಕಾರಿನವರಿಗೂ ಕಾಯುವ ಕಷ್ಟ ತಪ್ಪುತ್ತಿತ್ತು. ಸರತಿಯ ನಿಯಮ ಏನು, ಯಾರಿಗೆ ವಿನಾಯಿತಿ, ನಿಮಗೇ ಚೆನ್ನಾಗಿ ಗೊತ್ತು. ಆಂಬುಲೆನ್ಸ್ ಬಂದರೆ ನಾವೇ ಗಾಡಿ ಸರಿಸಿ ಜಾಗ ಬಿಡುತ್ತೇವೆ. ಊಟಕ್ಕೆ ಹೊರಟವರಿಗೂ ಬಿಡಬೇಕು ಅಂತ ಎಲ್ಲಿ ಬರೆದಿದೆ?

ದೂರು ಕೊಡೋಕೆ ಹೋದರೆ ಒಬ್ಬರು ನಕ್ಕು, "ಪುಕ್ಕಟೆ ಫೆರಿ, ಇನ್ನೇನು ಬೇಕು ನಿಮಗೆ?" ಅಂದರು. ನಡೆದು ಹೋಗುವವರಿಗೆ ಪುಕ್ಕಟೆ ಇರಬಹುದು ಸ್ವಾಮಿ, ನನ್ನ ಟೆಂಪೋಗೆ ಅಲ್ಲ. 2023ರಲ್ಲಿ ಬೈಕಿಗೂ ದುಡ್ಡು ಹಾಕುವ ಮಾತು ಬಂದು, ಜನ ಗಲಾಟೆ ಮಾಡಿದ ಮೇಲೆ ಅಲ್ಲಿಗೇ ನಿಂತಿತು. ನನ್ನ ಕೇಳಿದರೆ, ದುಡ್ಡು ತಗೊಳ್ಳಿ. ಫೆರಿ ಬಿಡಿ.

ಗೋವಾಕ್ಕೆ ಫೆರಿ ಓಡಿಸೋದು ಹೊಸ ವಿದ್ಯೆಯೇನಲ್ಲ. 1983ರಲ್ಲಿ ಜುವಾರಿ ಸೇತುವೆ ಆಗುವ ತನಕ ಕುಠ್ಠಾಳಿಯಿಂದ ಆಗಶಿಗೆ ಜನ, ಗಾಡಿ ಎಲ್ಲ ಫೆರಿಯಲ್ಲೇ ದಾಟಿದ್ದು. 1986ರ ಜುಲೈ 5ರಂದು ಪಣಜಿಯ ಮಾಂಡವಿ ಸೇತುವೆ ಕುಸಿದು ಬಿತ್ತು. ಹೊಸದು ತೆರೆದದ್ದು 1992ರಲ್ಲಿ. ಅಷ್ಟು ವರ್ಷ ಎದುರು ದಡದ ಬೇತಿಂ ಕಡೆಯಿಂದ ರಾಜಧಾನಿಗೆ ಬರುವವರ ಹೊರೆ ಫೆರಿಗಳ ಮೇಲೇ ಬಿತ್ತು. ಈಗ ಅಲ್ಲಿ ಸೇತುವೆಗಳು ಮೂರು. ಸೇತುವೆ ಬಂದವರು ಫೆರಿಯನ್ನು ಮರೆತರು. ಸೇತುವೆ ಇಲ್ಲದ ನಮ್ಮನ್ನು ನೀವು ಮರೆತಿರಿ.

ಪಕ್ಕದ ಚೋರಾವ್ ದ್ವೀಪದ ದಾರಿಗೆ 2025ರ ಜುಲೈನಲ್ಲಿ ದೊಡ್ಡ ರೋ-ರೋ ಫೆರಿಗಳು, ಅಂದರೆ ಗಾಡಿ ನೇರ ಹತ್ತಿ ನೇರ ಇಳಿಯುವಂಥವು, ಬಂದವು. ಫೋಟೋ ನಾವೂ ನೋಡಿದೆವು. ಸಂತೋಷ. ಅವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. (ಸ್ವಲ್ಪ ಇದೆ.) ನಾನು ಅಂಥದ್ದನ್ನು ಕೇಳುತ್ತಿಲ್ಲ. ಹಳೆಯದೇ ಇರಲಿ, ತುಕ್ಕು ಹಿಡಿದದ್ದೇ ಇರಲಿ, ತೇಲಿದರೆ ಸಾಕು. ಎರಡನೇ ಫೆರಿ ಬಿಡಿ. ಫೆರಿಯೇ ಇಲ್ಲ ಅನ್ನಬೇಡಿ. ಆಗಸ್ಟ್‌ನಲ್ಲಿ ನಮ್ಮ ದ್ವೀಪದ ಬಾವುಟದ ಹಬ್ಬ ಬೊಂದೆರಾಂ ನೋಡೋಕೆ ಜನ ಮುಗಿಬಿದ್ದಾಗ ಎಲ್ಲಿಂದಲೋ ಹೆಚ್ಚುವರಿ ಫೆರಿ ಬರುತ್ತವೆ ಅಲ್ವಾ? ಹಬ್ಬ ಮುಗಿದ ಮೇಲೂ ನಾವು ಅಲ್ಲೇ ಇರುತ್ತೇವೆ.

ಒಮ್ಮೆ ಬಂದು ನೋಡಿ ಅಂತ ನಾನು ಕರೆಯುವುದಿಲ್ಲ. ನೀವು ಬಂದ ದಿನ ಫೆರಿ ಟೈಮಿಗೆ ಸರಿಯಾಗಿ ಬರುತ್ತೆ, ನಿಮ್ಮ ಗಾಡಿಗಳು ಮುಂದೆ ಹೋಗುತ್ತವೆ, ನನ್ನ ಕೊತ್ತಂಬರಿ ಇನ್ನಷ್ಟು ಬಾಡುತ್ತೆ. ಬರುವುದು ಬೇಡ. ಉತ್ತರವೂ ಬೇಡ. ಎರಡನೇ ಫೆರಿ ಬಿಡಿ. ಮಳೆ ಹಿಡಿಯುವ ಮೊದಲೇ ಬಿಡಿ.

ಇಂತಿ,
ದಿವಾರ್‌ನ ಒಬ್ಬ ತರಕಾರಿ ವ್ಯಾಪಾರಿ