ಶನಿವಾರದ ಮೊಟ್ಟೆ ಕಾಳಗ: ಎಲ್ಲರ ಗಮನಕ್ಕೆ

ಸ್ನೇಹಿತರೇ, ಈ ಶನಿವಾರ ರಾತ್ರಿ 9ಕ್ಕೆ ನಾವೆಲ್ಲ ಸೇರಿ ಶೆಲ್ ಶಾಕರ್ಸ್ ಆಡೋಣ. 2017ರಲ್ಲಿ ಬಂದ ಉಚಿತ ಆಟ. ಬ್ರೌಸರ್‌ನಲ್ಲೇ ತೆರೆಯುತ್ತದೆ, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಬಂದೂಕು ಹಿಡಿದವರೆಲ್ಲ ಮೊಟ್ಟೆಗಳು, ರಕ್ತದ ಬದಲು ಲೋಳೆ. ಹಾಗಾಗಿ ಮನೆಯ ದೊಡ್ಡ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ.

ಖಾಸಗಿ ಕೊಠಡಿಯ ಕೊಂಡಿಯನ್ನು ಐದು ನಿಮಿಷ ಮೊದಲು ಇಲ್ಲಿಯೇ ಹಾಕುತ್ತೇನೆ. ಅದನ್ನು ಬೇರೆ ಗುಂಪುಗಳಿಗೆ ಕಳುಹಿಸಬೇಡಿ.

ಈ ಬಾರಿ ಸಟ್ಟುಗದ ಪಂದ್ಯ. ಸಟ್ಟುಗ ಕೈಗೆ ಸಿಕ್ಕಿದ ಮೇಲೆ ಎದುರಾಳಿಗಳನ್ನು ಒಡೆದರೆ ತಂಡಕ್ಕೆ ಅಂಕ. ಆದ್ದರಿಂದ ಅದನ್ನು ಹಿಡಿದವರನ್ನು ಒಂಟಿಯಾಗಿ ಬಿಡಬೇಡಿ, ಇಬ್ಬರಾದರೂ ಬೆನ್ನಿಗಿರಿ. ಹೊಸಬರು ಎಗ್‌ಕೆ-47 ಬಂದೂಕು ಆರಿಸಿಕೊಳ್ಳಿ, ಪಳಗುವುದು ಸುಲಭ. ಸ್ಕ್ರ್ಯಾಂಬ್ಲರ್ ಬಂದೂಕು ಹತ್ತಿರದಲ್ಲಿ ಭಯಂಕರ, ದೂರಕ್ಕೆ ದಂಡ. ಗುಂಡು ತುಂಬುವಾಗ ಬಯಲಲ್ಲಿ ನಿಲ್ಲಲೇಬೇಡಿ. ಗೋಡೆಯ ಮರೆಗೆ ಸರಿದು ‘ಆರ್’ ಒತ್ತಿ. ನಮ್ಮವರಲ್ಲಿ ಹೆಚ್ಚಿನವರು ಒಡೆಯುವುದು ಆ ಗಳಿಗೆಯಲ್ಲೇ.

ಸಾಧ್ಯವಾದರೆ ಕಂಪ್ಯೂಟರ್, ಮೌಸ್ ಇಟ್ಟುಕೊಳ್ಳಿ. ಮಕ್ಕಳು ತಮ್ಮ ನಿಜವಾದ ಹೆಸರು ಹಾಕುವುದು ಬೇಡ, ಅಡ್ಡಹೆಸರು ಸಾಕು. ಬರುವವರು ಶುಕ್ರವಾರ ಸಂಜೆಯೊಳಗೆ ತಿಳಿಸಿ, ತಂಡ ಹಂಚಬೇಕು.