ಟ್ಯಾಂಕ್ ತೆಗೆಸಿದ ಮೇಲೆಯೇ ಮನೆ ಕೊಳ್ಳು, ಪುಟ್ಟೀ

ಪ್ರೀತಿಯ ಪುಟ್ಟಿಗೆ, ನಿನ್ನ ಸೋದರಮಾವನ ಆಶೀರ್ವಾದಗಳು.

ನ್ಯೂಜೆರ್ಸಿಯ ಎಡಿಸನ್ ಊರಲ್ಲಿ ನೀವು ಕೊಳ್ಳಬೇಕೆಂದಿರುವ ಮನೆಯ ಫೋಟೋಗಳನ್ನು ನೋಡಿದೆ. ಅಡುಗೆಮನೆಗೆ ಒಳ್ಳೆ ಬೆಳಕಿದೆ, ಟ್ರೈನ್ ಸ್ಟೇಷನ್ನೂ ಹತ್ತಿರ. ನಿನಗೂ ಅಳಿಯಂದಿರಿಗೂ ಮನೆ ಹಿಡಿಸಿದೆ ಅಂತ ಗೊತ್ತಾಯಿತು. ಆದರೆ ಪಕ್ಕದ ಗೋಡೆಯ ಫೋಟೋ ಇದೆಯಲ್ಲ, ಅದನ್ನು ದೊಡ್ಡದು ಮಾಡಿ ನೋಡು. ಪೊದೆಯ ಹಿಂದೆ ಎರಡು ಕಬ್ಬಿಣದ ಪೈಪ್ ಇವೆ. ಗಿಡ್ಡದಕ್ಕೆ ಮುಚ್ಚಳವಿದೆ, ಅದು ಎಣ್ಣೆ ತುಂಬುವ ಫಿಲ್ ಪೈಪ್. ತುದಿ ಬಗ್ಗಿರುವುದು ಗಾಳಿ ಹೋಗುವ ವೆಂಟ್ ಪೈಪ್. ಬೇಸ್‌ಮೆಂಟ್ ಗೋಡೆಯಲ್ಲಿ ತಾಮ್ರದ ಸಣ್ಣ ಕೊಳವೆಗಳನ್ನು ಕತ್ತರಿಸಿ ಬಿಟ್ಟಿರುವುದೂ ಕಾಣುತ್ತದೆ. ಹುಲ್ಲಿನ ಕೆಳಗೆ ಹೀಟಿಂಗ್ ಆಯಿಲ್ ಟ್ಯಾಂಕ್, ಅಂದರೆ ಮನೆ ಬೆಚ್ಚಗಿಡಲು ಉರಿಸುತ್ತಿದ್ದ ಎಣ್ಣೆಯ ಟ್ಯಾಂಕ್, ಇದೆ ಅನ್ನೋದಕ್ಕೆ ಇಷ್ಟು ಸಾಕು.

ಮನೆಗೆ ಗ್ಯಾಸ್ ಬಂದು ವರ್ಷಗಳಾದವು, ಟ್ಯಾಂಕ್ ಖಾಲಿ, ನೀವು ಬಂದ ಮೇಲೆ ನಿಧಾನಕ್ಕೆ ತೆಗೆಸಿಕೊಳ್ಳಿ ಅಂತ ಮಾರುವವರು ಹೇಳಿದ್ದಾರೆ ಅಂತ ಬರೆದಿದ್ದೀಯ. ಇದೊಂದಕ್ಕೆ ಮಾತ್ರ ಒಪ್ಪಬೇಡ.

1950ರ ದಶಕದ ಮನೆಗಳಲ್ಲಿ ಹೂಳುತ್ತಿದ್ದದ್ದು ಹೆಚ್ಚಾಗಿ 550 ಅಥವಾ 1,000 ಗ್ಯಾಲನ್‌ನ ಬರೀ ಸ್ಟೀಲ್ ಟ್ಯಾಂಕು. 1,000 ಗ್ಯಾಲನ್ ಅಂದರೆ ಸುಮಾರು 3,800 ಲೀಟರ್. ಒಳಗಿನ ತೇವ ನೀರಾಗಿ ಇಳಿಯುತ್ತದೆ. ನೀರು ಎಣ್ಣೆಗಿಂತ ಭಾರ, ಹಾಗಾಗಿ ತಳದಲ್ಲೇ ನಿಲ್ಲುತ್ತದೆ. ತುಕ್ಕು ಅಲ್ಲಿಂದಲೇ ಶುರು. ಹೊರಗಡೆ ಒದ್ದೆ ಮಣ್ಣು ಬೇರೆ. ತೂತು ಬಿದ್ದರೂ ಮೇಲೆ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಖಾಲಿ ಅಂತ ಹೇಳಿದ ಟ್ಯಾಂಕಿನಲ್ಲೂ ತಳದಲ್ಲಿ ಒಂದಿಷ್ಟು ಎಣ್ಣೆ, ಕೆಸರು ಉಳಿದೇ ಇರುತ್ತದೆ.

ಸೋರದ ಟ್ಯಾಂಕ್ ತೆಗೆಸಲು ಕೆಲವು ಸಾವಿರ ಡಾಲರ್ ಆಗಬಹುದು. ಮಣ್ಣಿಗೆ ಎಣ್ಣೆ ಇಳಿದಿದ್ದರೆ ಲೆಕ್ಕ ಹತ್ತಾರು ಸಾವಿರಕ್ಕೆ ಹೋಗುತ್ತದೆ, ಅಂತರ್ಜಲ ಮುಟ್ಟಿದ್ದರೆ ಇನ್ನೂ ಮೇಲೆ. ಮನೆಯ ಇನ್ಶೂರೆನ್ಸ್ ಎಷ್ಟೋ ಸಲ ಇದನ್ನು ಕೊಡುವುದೇ ಇಲ್ಲ. ನ್ಯೂಜೆರ್ಸಿಯಲ್ಲಿ ಇಂಥ ಸೋರಿಕೆಗೆ 1970ರ ದಶಕದಿಂದಲೇ ಗಟ್ಟಿ ಕಾನೂನಿದೆ. ಟ್ಯಾಂಕ್ ಇದೆ ಅಂತ ಗೊತ್ತಿದ್ದೂ ಮನೆ ಕೊಂಡ ಮೇಲೆ, ಸೋರಿಸಿದ್ದು ನಾವಲ್ಲ ಅಂದರೆ ಯಾರೂ ಕೇಳುವುದಿಲ್ಲ. ನೀವಿಬ್ಬರೂ ಇಷ್ಟು ವರ್ಷ ಕೂಡಿಟ್ಟ ದುಡ್ಡು ಬೇರೆಯವರ ಎಣ್ಣೆಗೆ ಹೋಗಬಾರದು ಕಣಮ್ಮ.

ಮರಳು ತುಂಬಿ ಅಲ್ಲೇ ಬಿಡೋಣ ಅಂತಲೂ ಹೇಳಬಹುದು. ಅದಕ್ಕೆ ಅವಕಾಶ ಉಂಟು. ಆದರೆ ಟ್ಯಾಂಕಿನ ಅಡಿಯ ಮಣ್ಣನ್ನು ಕಣ್ಣಾರೆ ನೋಡಿದಂತಾಗುವುದಿಲ್ಲ. ನಾಳೆ ನೀವು ಮಾರುವಾಗ ಕೊಳ್ಳುವವರು ನಿಮ್ಮನ್ನೂ ಇದೇ ಕೇಳುತ್ತಾರೆ. ತೆಗೆಸುವುದೇ ಸರಿ.

ಖರ್ಚು ಮಾರುವವರದ್ದು, ಕೆಲಸ ಕ್ಲೋಸಿಂಗ್‌ಗೆ, ಅಂದರೆ ದುಡ್ಡು ಕೊಟ್ಟು ಮನೆ ನಿಮ್ಮ ಹೆಸರಿಗೆ ಆಗುವ ದಿನಕ್ಕೆ, ಮೊದಲೇ ಮುಗಿಯಬೇಕು. ಇದನ್ನು ಕರಾರಿನಲ್ಲಿ ಬರೆಸು, ಬಾಯಿಮಾತು ಬೇಡ. ಏಜೆಂಟ್ ಬರೆದ ಕರಾರಾದರೆ ಸಹಿಯಾದ ಮೇಲೂ ನಿಮ್ಮ ಲಾಯರ್ ನೋಡಲು 3 ಕೆಲಸದ ದಿನ ಸಿಗುತ್ತದೆ. ಆ ದಿನಗಳನ್ನು ಸುಮ್ನೆ ಕಳೆಯಬೇಡ. ರಾಜ್ಯದ ಪರಿಸರ ಇಲಾಖೆಯಾದ ಡಿಇಪಿಯಿಂದ ಸರ್ಟಿಫಿಕೇಟ್ ಪಡೆದ ಕಂಪನಿಯೇ ಬರಲಿ, ಟೌನ್‌ಶಿಪ್ ಅಂದರೆ ಊರಿನ ಆಡಳಿತದ ಪರ್ಮಿಟ್ಟೂ ಇರಲಿ. ಅಗೆಯುವ ಮುಂಚೆ 811ಕ್ಕೆ ಫೋನ್ ಮಾಡಿ ನೆಲದಡಿಯ ಗ್ಯಾಸ್, ಕರೆಂಟ್ ಲೈನ್ ಗುರುತು ಮಾಡಿಸುವುದು ಅವರ ಕೆಲಸ. ಆಗಿದೆಯಾ ಅಂತ ನೀನೂ ಕೇಳು.

ಟ್ಯಾಂಕ್ ತೆಗೆಯುವ ದಿನ ಮಾರುವವರನ್ನು ಕೇಳಿಕೊಂಡು ನೀವೂ ಅಲ್ಲಿರಿ, ರಜೆ ಹಾಕಿದರೂ ಪರವಾಗಿಲ್ಲ. ಮೊದಲು ಉಳಿದ ಎಣ್ಣೆಯನ್ನು ಪಂಪ್ ಮಾಡುತ್ತಾರೆ. ಆಮೇಲೆ ಟ್ಯಾಂಕ್ ಕತ್ತರಿಸಿ, ಒಳಗಿನ ಕೆಸರು ಬಳಿದು, ಮೇಲೆತ್ತುತ್ತಾರೆ. ಅಂಟಿದ ಮಣ್ಣು ಕೆರೆದಾಗ ತಳ ನೋಡು. ಸೂಜಿಯಷ್ಟು ತೂತೂ ತೂತೇ. ಗುಂಡಿಯ ಮಣ್ಣು ಕಪ್ಪಾಗಿದೆಯಾ, ಎಣ್ಣೆ ವಾಸನೆ ಇದೆಯಾ, ನಿಂತ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಇದೆಯಾ ಅಂತ ನೋಡಿ ಫೋಟೋ ತೆಗೆದಿಟ್ಟುಕೋ. ಟೌನ್‌ಶಿಪ್ ಇನ್‌ಸ್ಪೆಕ್ಟರ್ ನೋಡುವ ತನಕ ಗುಂಡಿ ಮುಚ್ಚಬಾರದು. ಎಲ್ಲ ಸರಿಯಿದ್ದರೂ ಮಣ್ಣಿನ ಪರೀಕ್ಷೆ ಮಾಡಿಸಿ ಲ್ಯಾಬ್ ರಿಪೋರ್ಟ್ ಇಸಿದುಕೋ, ಜೊತೆಗೆ ಟ್ಯಾಂಕ್ ಗುಜರಿಗೆ ಹಾಕಿದ ರಸೀದಿಯನ್ನೂ.

ಸೋರಿದ್ದು ಕಂಡರೆ ಡಿಇಪಿಗೆ ತಕ್ಷಣ ತಿಳಿಸಿ ಕೇಸ್ ನಂಬರ್ ತೆಗೆದುಕೊಳ್ಳಬೇಕು. ಮಣ್ಣು ತೆಗೆದು ಎಲ್ಲ ಮುಗಿದ ಮೇಲೆ, ಇನ್ನು ಮಾಡುವುದೇನೂ ಇಲ್ಲ ಅಂತ ‘ನೋ ಫರ್ದರ್ ಆಕ್ಷನ್’ ಪತ್ರ ಬರುತ್ತದೆ. ತಿಂಗಳುಗಟ್ಟಲೆ ಹಿಡಿಯಬಹುದು. ಅದು ಕೈಗೆ ಬರದೆ ದುಡ್ಡು ಕೊಡಬೇಡ. ಮುಲಾಜಿಗೆ ಬೀಳಬೇಡ.

ಇನ್ನೊಂದು ಮಾತು. ಟ್ಯಾಂಕಿನ ಜೊತೆ ಆ ಎರಡು ಪೈಪೂ ಹೋಗಲೇಬೇಕು. ಬೇಸ್‌ಮೆಂಟ್ ಟ್ಯಾಂಕ್ ತೆಗೆಸಿ ಫಿಲ್ ಪೈಪ್ ಹಾಗೇ ಬಿಟ್ಟ ಮನೆಗಳಲ್ಲಿ, ವಿಳಾಸ ತಪ್ಪಿ ಬಂದ ಎಣ್ಣೆ ಲಾರಿಯವರು ಪೈಪಿಗೆ ಹೋಸ್ ಸಿಕ್ಕಿಸಿ ನೂರಾರು ಗ್ಯಾಲನ್ ನೇರ ಬೇಸ್‌ಮೆಂಟ್ ನೆಲಕ್ಕೇ ಸುರಿದದ್ದುಂಟು. ಆ ವಾಸನೆ ಹೋಗಿಸುವುದು ಯಾರಿಗೂ ಬೇಡ.

ಇವತ್ತೇ ಲಾಯರಿಗೆ ಫೋನ್ ಮಾಡು. ಮಾರುವವರು ಒಪ್ಪದಿದ್ದರೆ ಆ ಮನೆ ಬಿಟ್ಟುಬಿಡಿ, ಹುಡುಕಿದರೆ ಇನ್ನೊಂದು ಸಿಗುತ್ತದೆ. ಒಪ್ಪಿದರೆ ಅಗೆಯುವ ತಾರೀಖು ಮೊದಲೇ ತಿಳಿಸು, ನಾನೂ ಬಂದು ನಿಮ್ಮ ಜೊತೆ ನಿಲ್ಲುತ್ತೇನೆ. ಅಳಿಯಂದಿರಿಗೂ ಈ ಪತ್ರ ಓದಿಸು.

ಇಂತಿ ನಿನ್ನ ಪ್ರೀತಿಯ
ಮಾವ