ಶಾಸಕರೇ, ಆ ಚೀಟಿಯನ್ನು ಕನ್ನಡದಲ್ಲಿ ಕೊಡಿಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ಮೂವತ್ತೈದು ವರ್ಷ ಕಾಲು ಮಡಚಿ ಕೂತು ಬೀಡಿ ಕಟ್ಟಿದವಳು ನಾನು. ಈಗ ಎರಡೂ ಮೊಣಕಾಲಿನ ಗಂಟು ಸವೆದಿದೆ. ಗುಳಿಗೆ ನುಂಗಿ ನುಂಗಿ ಹೊಟ್ಟೆ ಕೆಟ್ಟಿತು. ಕಡೆಗೆ ಇಲ್ಲಿ ಕಾಸರಗೋಡು ಜಿಲ್ಲೆಯ ನಮ್ಮ ಸರಕಾರಿ ಆಸ್ಪತ್ರೆಯ ಎಲುಬಿನ ಡಾಕ್ಟ್ರು ಬಲಗಾಲಿನ ಗಂಟಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿದರು. ಮೊದಲು ಹಳದಿ ನೀರು ಎಳೆದರು. ಸೂಜಿ ಅಲ್ಲೇ ಇಟ್ಟು, ಸಿರಿಂಜ್ ಬದಲಿಸಿ ಮದ್ದು ಬಿಟ್ಟರು. ಐದು ನಿಮಿಷದ ಕೆಲಸ. ವಾರದೊಳಗೆ ಊತ ಇಳಿಯಿತು. ಡಾಕ್ಟ್ರ ಮೇಲೆ ದೂರಿಲ್ಲ.

ದೂರು ಇರುವುದು ಹೊರಗೆ ಬರುವಾಗ ಕೈಗೆ ಕೊಟ್ಟ ಚೀಟಿಯ ಮೇಲೆ. ಪೂರಾ ಮಲಯಾಳ. ಮಾತಾಡಿದರೆ ನನಗೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ, ಅದೂ ಏಳನೇ ಕ್ಲಾಸಿನವರೆಗೆ. ಮಡಚಿ ಪರ್ಸಿಗೆ ಹಾಕಿಕೊಂಡೆ.

ನೋವಿಲ್ಲವಲ್ಲ ಅಂತ ಅದೇ ಸಂಜೆ ಬೀಡಿಗೆ ಕೂತೆ. ಮರುದಿನದಿಂದ ವಿಪರೀತ ಬಾಯಾರಿಕೆ. ರಾತ್ರಿ ಆರು ಸಲ ಎದ್ದೆ. ಮೂರನೇ ದಿನ ತಲೆ ತಿರುಗಿ ಬಚ್ಚಲಲ್ಲಿ ಕುಸಿದೆ. ಪಕ್ಕದ ಮನೆಯ ಹುಡುಗಿ ಬೆರಳು ಚುಚ್ಚಿ ನೋಡಿದಳು. ಶುಗರ್ 386! ಆಟೋದಲ್ಲಿ ಅದೇ ಆಸ್ಪತ್ರೆಗೆ ಓಡಿದರೆ ಅಲ್ಲಿ ಕೇಳಿದ್ದೇನು ಗೊತ್ತಾ? "ಚೀಟಿಯಲ್ಲಿ ಬರೆದಿತ್ತಲ್ಲ, ಓದಲಿಲ್ವಾ?"

ಬರೆದಿತ್ತು, ನಿಜ. ಆ ಹುಡುಗಿಯೇ ಓದಿ ಹೇಳಿದಳು. ಸಕ್ಕರೆ ಕಾಯಿಲೆ ಇದ್ದವರಿಗೆ ಈ ಮದ್ದಿನಿಂದ ಕೆಲವು ದಿನ ಶುಗರ್ ಏರಬಹುದು, ನೋಡಿಕೊಳ್ಳುತ್ತಿರಿ. ಎರಡು ದಿನ ಗಂಟಿಗೆ ಜಾಸ್ತಿ ಕೆಲಸ ಕೊಡಬೇಡಿ. ಜ್ವರ ಬಂದು ಗಂಟು ಕೆಂಪಾದರೆ ಕೂಡಲೇ ಬನ್ನಿ. ಮೂರು ತಿಂಗಳೊಳಗೆ ಅದೇ ಗಂಟಿಗೆ ಮತ್ತೆ ಹಾಕಿಸಬೇಡಿ, ಪದೇಪದೇ ಹಾಕಿಸಿದರೆ ಗಂಟು ಇನ್ನೂ ಸವೆಯುತ್ತದೆ. ಇಷ್ಟೇ. ಈ ನಾಲ್ಕು ಮಾತನ್ನು ಕನ್ನಡದಲ್ಲಿ ಕೊಡಿ.

ಕೇರಳದ 1969ರ ಆಡಳಿತ ಭಾಷೆ ಕಾಯ್ದೆ ನಿಮಗೆ ಗೊತ್ತಿರುವುದೇ. ಇಲ್ಲಿಯ ಕಚೇರಿಗೆ ನಾವು ಕನ್ನಡದಲ್ಲಿ ಬರೆದರೆ ಉತ್ತರವೂ ಕನ್ನಡದಲ್ಲೇ ಬರಬೇಕು. ಅರ್ಜಿಗೇ ಅಷ್ಟು ಮರ್ಯಾದೆ ಇದ್ದ ಮೇಲೆ ಮೈಗೆ ಚುಚ್ಚಿದ ಮದ್ದಿನ ವಿಷಯ ಕನ್ನಡದಲ್ಲಿ ಬೇಡವಾ? ಓಟಿನ ಸಮಯದಲ್ಲಿ ನಿಮ್ಮ ನೋಟೀಸು ಅಚ್ಚ ಕನ್ನಡದಲ್ಲೇ ನಮ್ಮ ಜಗಲಿಗೆ ಬಂದು ಬೀಳುತ್ತದೆ. ಒಂದು ಕಾಗುಣಿತ ತಪ್ಪೂ ಇರುವುದಿಲ್ಲ. ಆ ಪ್ರೆಸ್ಸಿನವರಿಗೇ ಈ ಚೀಟಿಯನ್ನೂ ಕೊಟ್ಟರೆ ಆಯ್ತು, ಅಲ್ವಾ?

ಮುಂದಿನ ತಿಂಗಳು ಎಡಗಾಲಿನ ಸರದಿ. ಅಷ್ಟರೊಳಗೆ ಚೀಟಿ ಕನ್ನಡದಲ್ಲಿ ಸಿಗಬೇಕು. ಇಲ್ಲದಿದ್ದರೆ ಮಲಯಾಳದ್ದನ್ನೇ ಹಿಡಿದುಕೊಂಡು ನಿಮ್ಮ ಕಚೇರಿಗೆ ಬರುತ್ತೇನೆ, ನೀವೇ ಓದಿ ಹೇಳಿ. ಮೆಟ್ಟಿಲು ಹತ್ತಲು ನನಗೆ ಸ್ವಲ್ಪ ಹೊತ್ತು ಬೇಕು, ಕಾಯಿರಿ.

ಇಂತಿ,
ಕಾಸರಗೋಡು ಜಿಲ್ಲೆಯ ಒಬ್ಬ ಬೀಡಿ ಕಾರ್ಮಿಕೆ